ಕೇಳೋಣ, ಆಮೇಲೆ ಕೇಳೋಣ

(ಓದುಗರ ಕೂಟವೊಂದರಲ್ಲಿ ಆಡಿದ ಮಾತನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಒಂದು ಪದದಿಂದ ಶುರು ಮಾಡುತ್ತೇನೆ. ಕನ್ನಡದಲ್ಲಿ ‘ಕೇಳು’ ಅನ್ನುವ ಪದಕ್ಕೆ ಎರಡು ಕೆಲಸ. ಒಬ್ಬರು ಮಾತಾಡುವಾಗ ಕಿವಿಗೊಡುವುದೂ ಕೇಳುವುದೇ. ಅವರಿಗೆ ಪ್ರಶ್ನೆ ಹಾಕುವುದೂ ಕೇಳುವುದೇ. ‘ಅವರ ಮಾತು ಕೇಳಿದೆ’ ಅಂದರೆ ಒಂದು, ‘ಅವರನ್ನು ಕೇಳಿದೆ’ ಅಂದರೆ ಇನ್ನೊಂದು. ಎಷ್ಟೋ ಭಾಷೆಗಳು ಇದಕ್ಕೆ ಎರಡು ಪದ ಇಟ್ಟುಕೊಂಡಿವೆ. ನಮಗೆ ಒಂದೇ ಸಾಕಾಗಿದೆ.

ಆದರೆ ದೇವರು, ಧರ್ಮ, ಆತ್ಮ, ಸತ್ತ ಮೇಲೆ ಏನು ಅನ್ನುವ ವಿಷಯಗಳು ಬಂದ ಕೂಡಲೇ ನಾವು ಈ ಎರಡರಲ್ಲಿ ಒಂದನ್ನು ಕೈಬಿಡುತ್ತೇವೆ. ಕೆಲವರು ಕಿವಿಗೊಡದೆ ಬರೀ ಪ್ರಶ್ನೆ ಹಾಕುತ್ತಾರೆ. ಇನ್ನು ಕೆಲವರು ಸುಮ್ನೆ ಕೇಳಿಸಿಕೊಂಡು, ತಲೆಯಾಡಿಸಿ, ಏನೂ ಪ್ರಶ್ನೆ ಹಾಕದೆ ಎದ್ದು ಹೋಗುತ್ತಾರೆ. ಮೊದಲನೆಯವರನ್ನು ಜಗಳಗಂಟರು ಅನ್ನುತ್ತೇವೆ. ಎರಡನೆಯವರಿಗೆ ವಿಶಾಲ ಮನಸ್ಸು ಅನ್ನುತ್ತೇವೆ. ನನಗೆ ಎರಡನೆಯದೂ ಮುಚ್ಚಿದ ಬಾಗಿಲೇ ಅನ್ನಿಸುತ್ತದೆ. ಅದನ್ನು ಹೇಳುವುದಕ್ಕೇ ಇವತ್ತು ಬಂದಿದ್ದು.

ನಾನು ಎಲ್ಲಿ ನಿಂತು ಮಾತಾಡುತ್ತಿದ್ದೇನೆ ಅಂತ ಮೊದಲೇ ಹೇಳಿಬಿಡುತ್ತೇನೆ. ನಾನು ದೇವರನ್ನು ನಂಬುವವನು. ನಂಬದವರ ಜೊತೆ ಬಹಳ ವರ್ಷ ಒಡನಾಡಿದವನು. ಎರಡೂ ಕಡೆಗೆ ಸಮಾನ ದೂರದಲ್ಲಿ ನಿಂತಿದ್ದೇನೆ ಅಂತ ಹೇಳಿಕೊಂಡರೆ ಸುಳ್ಳಾಗುತ್ತದೆ.

ಒಂದು ಸಂಜೆಯ ಕಥೆ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ನಾವೊಂದಷ್ಟು ಜನ ತಿಂಗಳಿಗೊಮ್ಮೆ ಸೇರಿ, ಏನಾದರೂ ಓದಿ, ಅದರ ಮೇಲೆ ಮಾತಾಡುತ್ತಿದ್ದೆವು. ಅಲ್ಲಿ ಒಬ್ಬರು ನಿವೃತ್ತ ಶಿಕ್ಷಕಿ ಇದ್ದರು, ದಿನಾ ಪ್ರಾರ್ಥನೆ ಮಾಡುವವರು. ಇನ್ನೊಬ್ಬ ಇಪ್ಪತ್ತೈದರ ಆಸುಪಾಸಿನ ಹುಡುಗ, ದೇವರಿಲ್ಲ ಅಂತ ಖಡಾಖಂಡಿತವಾಗಿ ಹೇಳುವವನು. ಎರಡು ಮೂರು ಸಲ ಇಬ್ಬರ ನಡುವೆ ಜೋರು ಮಾತಾಗಿತ್ತು. ಆ ಸಂಜೆ ಗುಂಪಿನ ಹಿರಿಯರೊಬ್ಬರು ಒಂದು ನಿಯಮ ಹಾಕಿದರು. ಉತ್ತರ ಕೊಡುವ ಮುಂಚೆ, ಎದುರಿನವರು ಹೇಳಿದ್ದು ಏನು ಅಂತ ನೀವು ಹೇಳಬೇಕು. ಅವರು ‘ಹೌದು, ಇದೇ’ ಅಂದ ಮೇಲಷ್ಟೇ ನಿಮ್ಮ ಸರದಿ.

ಹುಡುಗ ಇದೇನು ಮಹಾ ಅಂದುಕೊಂಡ. ‘ಮೇಡಂ, ನಿಮಗೆ ಭಯ. ಭಯಕ್ಕೆ ಪ್ರಾರ್ಥನೆ ಮಾಡ್ತೀರಿ’ ಅಂದ.

‘ಅಲ್ಲಪ್ಪ’ ಅಂದರು.

‘ಹಾಗಾದ್ರೆ ಏನೋ ಬೇಕು ಅಂತ ಬೇಡಿಕೊಳ್ತೀರಿ.’

‘ಅದೂ ಅಲ್ಲ. ಬೇಡೋದು ಬಿಟ್ಟು ಎಷ್ಟೋ ವರ್ಷ ಆಯ್ತು.’

ಅವನು ಸುಮ್ಮನಾದ. ಕೈಯಲ್ಲಿದ್ದ ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು, ಮತ್ತೆ ತೆಗೆಯುವುದು. ಆಮೇಲೆ ಮೊದಲ ಸಲ ಅವರಿಗೆ ನಿಜವಾದ ಪ್ರಶ್ನೆ ಕೇಳಿದ. ‘ಮತ್ತೆ ಅಲ್ಲಿ ಕೂತು ಏನು ಮಾಡ್ತೀರಿ?’

ಅವರು ಸ್ವಲ್ಪ ಹೊತ್ತು ಯೋಚಿಸಿದರು. ‘ಇವತ್ತು ಯಾರ ಮೇಲೆ ರೇಗಿದೆ, ಯಾರಿಗೆ ಸುಳ್ಳು ಹೇಳಿದೆ, ಎಲ್ಲ ಒಪ್ಪಿಸ್ತೀನಿ. ಬೇರೆ ಯಾರ ಹತ್ರ ಹೇಳಿದ್ರೂ ಒಂಚೂರು ಬಣ್ಣ ಹಚ್ಚಿಬಿಡ್ತೀನಿ. ಅಲ್ಲಿ ಆಗಲ್ಲ.’

‘ಅಂದ್ರೆ, ಸುಳ್ಳು ಹೇಳೋಕೆ ಆಗದಿರೋ ಒಂದು ಜಾಗ ನಿಮಗೆ ಬೇಕು. ಪ್ರಾರ್ಥನೆ ಅಂದ್ರೆ ಅದು.’

‘ಹೌದು. ಇದೇ.’

ಆಮೇಲೆ ಅವರ ಸರದಿ. ‘ನಿನಗೆ ದೇವರಿಲ್ಲ. ಹಾಗಾಗಿ ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ’ ಅಂದರು. ‘ಇಲ್ಲ ಮೇಡಂ, ಪೂರ್ತಿ ಉಲ್ಟಾ’ ಅಂದ. ‘ಆಮೇಲೆ ಸರಿಮಾಡೋರು ಯಾರೂ ಇಲ್ಲ. ಅನ್ಯಾಯ ಆದವರಿಗೆ ಇನ್ನೊಂದು ಜನ್ಮ ಇಲ್ಲ, ಇನ್ನೊಂದು ಲೋಕವೂ ಇಲ್ಲ. ಇಲ್ಲೇ ಸರಿಮಾಡಬೇಕು. ಅದಕ್ಕೇ ನನಗೆ ಅವಸರ.’ ಆ ಕೊನೆಯ ಪದವನ್ನು ಅವರು ಹಿಡಿದುಕೊಂಡರು. ‘ಅವಸರವಾ? ನನಗೆ ಇಷ್ಟು ದಿನ ಅದು ಸಿಟ್ಟು ಅಂತ ಕಾಣಿಸ್ತಾ ಇತ್ತು’ ಅಂದರು.

ಇಬ್ಬರ ನಂಬಿಕೆಯೂ ಬದಲಾಗಲಿಲ್ಲ. ಆದರೆ ಅಲ್ಲಿವರೆಗೆ ಇಬ್ಬರೂ ತಾವೇ ಕಟ್ಟಿ ನಿಲ್ಲಿಸಿದ ಬೆದರುಬೊಂಬೆಯ ಜೊತೆ ಗುದ್ದಾಡುತ್ತಿದ್ದರು. ಅವತ್ತು ಮೊದಲ ಸಲ ಎದುರಿಗೆ ಮನುಷ್ಯರು ಕಂಡರು.

ಆ ಹಿರಿಯರು ಹಾಕಿದ ನಿಯಮ ತುಂಬ ಹಳೆಯದು ಅಂತ ನನಗೆ ಗೊತ್ತಾಗಿದ್ದು ಆಮೇಲೆ. ತರ್ಕಶಾಸ್ತ್ರದ ಹಳೆಯ ಗ್ರಂಥವಾದ ಗೌತಮನ ನ್ಯಾಯಸೂತ್ರದಲ್ಲಿ (ಈ ಗೌತಮ ಬುದ್ಧ ಅಲ್ಲ) ವಾದ ಹೇಗೆ ಮಾಡಬೇಕು, ಯಾವಾಗ ಸೋತಂತೆ ಅನ್ನುವುದಕ್ಕೆ ವಿವರವಾದ ನಿಯಮಗಳಿವೆ. ಸೋಲಿನ ಜಾಗಗಳನ್ನು ನಿಗ್ರಹಸ್ಥಾನ ಅನ್ನುತ್ತಾರೆ. ಒಟ್ಟು 22. ಅದರಲ್ಲಿ ಒಂದರ ಹೆಸರು ‘ಅನನುಭಾಷಣ’. ಎದುರಿನವನು ತನ್ನ ಮಾತನ್ನು ಮೂರು ಸಲ ಹೇಳಿದ್ದಾನೆ, ಸಭೆಗೆ ಅರ್ಥವಾಗಿದೆ, ಆದರೂ ನೀನು ಅದನ್ನು ತಿರುಗಿ ಹೇಳಲಾರೆ. ಹಾಗಿದ್ದರೆ ನೀನು ಸೋತೆ. ನಿನ್ನ ಉತ್ತರ ಎಷ್ಟೇ ಚೆನ್ನಾಗಿರಲಿ, ಅದನ್ನು ಕೇಳುವ ಗೋಜಿಗೇ ಯಾರೂ ಹೋಗುವುದಿಲ್ಲ.

ಅದೇ ಪಟ್ಟಿಯಲ್ಲಿ ಇನ್ನೊಂದಿದೆ, ‘ಅವಿಜ್ಞಾತಾರ್ಥ’. ಮೂರು ಸಲ ಹೇಳಿದರೂ ಸಭೆಗಾಗಲಿ ಎದುರಾಳಿಗಾಗಲಿ ಅರ್ಥವಾಗದಂತೆ ಮಾತಾಡುವುದು. ಅದೂ ಸೋಲೇ. ಅಧ್ಯಾತ್ಮದ ಹೆಸರಿನಲ್ಲಿ ದೊಡ್ಡ ದೊಡ್ಡ ಪದಗಳನ್ನು ಸುರಿದು, ‘ಇದು ನಿಮಗೆ ಅರ್ಥವಾಗಲ್ಲ, ಅನುಭವಕ್ಕೆ ಬರಬೇಕು’ ಅಂತ ಎದ್ದುಹೋಗುವವರಿದ್ದಾರಲ್ಲ, ಅವರು ಈ ನಿಯಮವನ್ನು ಒಮ್ಮೆ ನೋಡಬೇಕು. ಅನುಭವ ದೊಡ್ಡದೇ ಇರಬಹುದು. ಆದರೆ ಚರ್ಚೆಗೆ ಕೂತ ಮೇಲೆ ಅರ್ಥವಾಗುವ ಹಾಗೆ ಹೇಳುವ ಹೊಣೆ ಹೇಳುವವರದ್ದು.

ಅದೇ ಗ್ರಂಥ ಮಾತಿನ ಜಗಳವನ್ನು ಮೂರು ಬಗೆ ಮಾಡುತ್ತದೆ. ನಿಜ ಏನು ಅಂತ ತಿಳಿಯಲು ಮಾಡುವುದು ವಾದ. ಗೆಲ್ಲಲು ಮಾಡುವುದು ಜಲ್ಪ. ತನ್ನದು ಅಂತ ಏನನ್ನೂ ಹೇಳದೆ ಎದುರಿನವರದ್ದನ್ನು ಬರೀ ಒಡೆಯುತ್ತಾ ಹೋಗುವುದು ವಿತಂಡ. ಈ ಮೂರನೆಯ ಪದವನ್ನು ನಾವು ಇವತ್ತಿಗೂ ದಿನಬಳಕೆಯಲ್ಲಿ ಇಟ್ಟುಕೊಂಡಿದ್ದೇವೆ, ಅಲ್ವಾ? ‘ವಿತಂಡವಾದ ಮಾಡಬೇಡ’ ಅಂತ ಹೇಳದ ಮನೆ ಯಾವುದಿದೆ!

ಜಲ್ಪದಲ್ಲಿ ಬಳಸುವ ಒಂದು ತಂತ್ರಕ್ಕೆ ‘ಛಲ’ ಅನ್ನುತ್ತಾರೆ. ಇಲ್ಲಿ ಛಲ ಅಂದರೆ ಹಟ ಅಲ್ಲ, ಮೋಸ. ನ್ಯಾಯಸೂತ್ರಕ್ಕೆ ವಾತ್ಸ್ಯಾಯನ ಬರೆದ ಭಾಷ್ಯದಲ್ಲಿ, ಅಂದರೆ ವಿವರಣೆಯಲ್ಲಿ, ಇದಕ್ಕೆ ಒಂದು ಚಿಕ್ಕ ಉದಾಹರಣೆ ಇದೆ. ‘ಈ ಹುಡುಗ ನವಕಂಬಲ’ ಅಂತ ಒಬ್ಬ ಹೇಳುತ್ತಾನೆ. ಹೊಸ ಕಂಬಳಿ ಹೊದ್ದಿದ್ದಾನೆ ಅಂತ ಅವನ ಅರ್ಥ. ಇನ್ನೊಬ್ಬ, ‘ಒಂಬತ್ತು ಕಂಬಳಿ ಎಲ್ಲಿವೆ? ಇರೋದು ಒಂದೇ ಅಲ್ಲವಾ?’ ಅನ್ನುತ್ತಾನೆ. ನವ ಅಂದರೆ ಹೊಸದೂ ಹೌದು, ಒಂಬತ್ತೂ ಹೌದು.

ಕಂಬಳಿಯ ವಿಷಯದಲ್ಲಿ ಇದು ಮಕ್ಕಳಾಟದ ಹಾಗೆ ಕಾಣುತ್ತದೆ. ಆದರೆ ಧರ್ಮದ ವಿಷಯದಲ್ಲಿ ನಾವು ಮಾಡುವುದು ಬಹುಪಾಲು ಇದೇ. ಬೌದ್ಧರು ‘ಶೂನ್ಯ’ ಅಂದರೆ ‘ಏನೂ ಇಲ್ಲ ಅಂತೀರಾ, ಹಾಗಾದರೆ ಮಾತಾಡ್ತಾ ಇರೋದು ಯಾರು?’ ಅಂತ ನಗುತ್ತೇವೆ. ಯಾವುದೂ ಬೇರೊಂದರ ಆಸರೆ ಇಲ್ಲದೆ ತಾನೇ ತಾನಾಗಿ ನಿಂತಿಲ್ಲ ಅನ್ನುವುದು ಬೌದ್ಧ ದಾರ್ಶನಿಕ ನಾಗಾರ್ಜುನನ ಮಾತು. ಏನೂ ಇಲ್ಲ ಅನ್ನುವುದಲ್ಲ. ಅದ್ವೈತಿ ‘ಮಾಯೆ’ ಅಂದರೆ ‘ಜಗತ್ತೇ ಸುಳ್ಳಾ? ಗೋಡೆಗೆ ತಲೆ ಚಚ್ಚಿಕೊಂಡು ನೋಡಿ’ ಅನ್ನುತ್ತೇವೆ. ಕ್ರೈಸ್ತರ ತ್ರಿತ್ವದ ಮಾತು, ಅಂದರೆ ಒಬ್ಬನೇ ದೇವರಲ್ಲಿ ತಂದೆ, ಮಗ, ಪವಿತ್ರಾತ್ಮ ಅನ್ನುವುದು ಬಂದರೆ ಬೆರಳು ಮಡಚಿ ಒಂದು, ಎರಡು, ಮೂರು ಅಂತ ದೇವರುಗಳನ್ನು ಎಣಿಸುತ್ತೇವೆ. ಇವೆಲ್ಲ ಒಂಬತ್ತು ಕಂಬಳಿಗಳೇ.

‘ನಾಸ್ತಿಕ’ ಅನ್ನುವ ಪದವನ್ನೇ ನೋಡಿ. ಇವತ್ತು ದೇವರನ್ನು ನಂಬದವರು ಅಂತ ಅರ್ಥ. ಹಳೆಯ ದರ್ಶನಗಳ ಲೆಕ್ಕದಲ್ಲಿ ವೇದವನ್ನು ಪ್ರಮಾಣ ಅಂತ ಒಪ್ಪದವರು ನಾಸ್ತಿಕರು. ಹಳೆಯ ದರ್ಶನಗಳಲ್ಲಿ ಒಂದಾದ ಮೀಮಾಂಸೆಯವರು, ಮೀಮಾಂಸಕರು, ವೇದವನ್ನು ಪೂರ್ತಿ ಒಪ್ಪುತ್ತಾರೆ. ಆದರೆ ಜಗತ್ತನ್ನು ಸೃಷ್ಟಿಸಿದ ಈಶ್ವರ ಅವರಿಗೆ ಬೇಡ. ಆದರೂ ಅವರು ಆಸ್ತಿಕರ ಪಟ್ಟಿಯಲ್ಲಿದ್ದಾರೆ. ಯಾವ ಅರ್ಥದಲ್ಲಿ ಹೇಳುತ್ತಿದ್ದೀರಿ ಅಂತ ಒಮ್ಮೆ ಕೇಳಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. 1948ರಲ್ಲಿ ಬಿಬಿಸಿ ರೇಡಿಯೋದಲ್ಲಿ ದಾರ್ಶನಿಕ ಬರ್ಟ್ರಂಡ್ ರಸೆಲ್ ಮತ್ತು ಜೆಸ್ಯೂಟ್ ಪಾದ್ರಿ ಫ್ರೆಡರಿಕ್ ಕೊಪ್ಲ್‌ಸ್ಟನ್ ದೇವರಿದ್ದಾನೆಯೇ ಅಂತ ವಾದ ಮಾಡಿದರು. ಪಾದ್ರಿ ಮೊದಲು ಕೇಳಿದ್ದೇ ‘ದೇವರು’ ಅನ್ನುವ ಪದಕ್ಕೆ ನಾವಿಬ್ಬರೂ ಒಂದೇ ಅರ್ಥ ಇಟ್ಟುಕೊಳ್ಳೋಣವೇ ಅಂತ. ಹೀಗೊಂದು ಅರ್ಥ, ಸದ್ಯಕ್ಕೆ ಒಪ್ಪುತ್ತೀರಾ ಅಂದರು. ಒಪ್ಪುತ್ತೇನೆ ಅಂದರು ರಸೆಲ್. ದೇವರನ್ನೇ ಒಪ್ಪದವರು ದೇವರ ಅರ್ಥವನ್ನು ಒಪ್ಪಿಕೊಂಡು ಕೂತರು. ಕೊನೆಗೂ ಇಬ್ಬರ ದಾರಿ ಬೇರೆಯೇ ಉಳಿಯಿತು. ಎಲ್ಲಿ ಬೇರೆಯಾಯಿತು ಅನ್ನುವುದು ಮಾತ್ರ ಕೇಳುಗರಿಗೆ ತಿಳಿಯಿತು.

ಇನ್ನು ಚಾರ್ವಾಕರ ವಿಷಯ. ಇದು ನನ್ನನ್ನು ತುಂಬ ಕಾಡಿದ್ದು.

ದೇವರಿಲ್ಲ, ಪರಲೋಕ ಇಲ್ಲ, ಕಣ್ಣಿಗೆ ಕಂಡದ್ದೇ ಪ್ರಮಾಣ ಅಂದವರು ಚಾರ್ವಾಕರು. ಅವರ ಮೂಲ ಗ್ರಂಥ ನಮಗೆ ಪೂರ್ತಿಯಾಗಿ ಸಿಕ್ಕಿಲ್ಲ. ಅವರ ಬಗ್ಗೆ ನಮಗೆ ಗೊತ್ತಿರುವುದು ಬಹುಪಾಲು ಅವರನ್ನು ಖಂಡಿಸಿದವರ ಬರಹದಿಂದ. ಯಾಕೆಂದರೆ ಖಂಡಿಸುವ ಮುಂಚೆ ಪೂರ್ವಪಕ್ಷ ಹೇಳಬೇಕು ಅನ್ನುವುದು ಆ ಕಾಲದ ಶಿಸ್ತು. ಎದುರಿನವರ ಮಾತು ಮೊದಲು, ನಿನ್ನ ಮಾತು ಆಮೇಲೆ. 14ನೇ ಶತಮಾನದಲ್ಲಿ ವಿಜಯನಗರದ ಕಾಲದ ಮಾಧವ ಬರೆದ ಸರ್ವದರ್ಶನಸಂಗ್ರಹ ಶುರುವಾಗುವುದೇ ಚಾರ್ವಾಕರಿಂದ. ಒಂದು ವಿಚಾರವನ್ನು ವಿರೋಧಿಗಳೇ ಉಳಿಸಿಕೊಟ್ಟರು ಅನ್ನುವುದು ಎಷ್ಟು ದೊಡ್ಡ ಸಂಗತಿ!

ಆದರೆ ಪೂರ್ತಿ ಉಳಿಸಿದರಾ? ಚಾರ್ವಾಕ ಅಂದ ಕೂಡಲೇ ನಿಮಗೆ ನೆನಪಾಗುವ ಸಾಲು ಯಾವುದು? ಸಾಲ ಮಾಡಿಯಾದರೂ ತುಪ್ಪ ತಿನ್ನು. ಆ ಶ್ಲೋಕದ ಇನ್ನೊಂದು ರೂಪವೂ ಇದೆ, ಹಳೆಯ ಉಲ್ಲೇಖಗಳಲ್ಲಿ ಕಾಣುವುದು ಅದು. ಬದುಕಿರುವ ತನಕ ಸುಖವಾಗಿ ಬದುಕು, ಸಾವಿನ ಕಣ್ಣಿಗೆ ಬೀಳದೆ ಉಳಿಯುವವರು ಯಾರೂ ಇಲ್ಲ ಅಂತ. ಸರ್ವದರ್ಶನಸಂಗ್ರಹದ ಅದೇ ಅಧ್ಯಾಯದಲ್ಲಿ ಎರಡೂ ರೂಪ ಇವೆ. ಒಂದರಲ್ಲಿ ಸಾವಿನ ಮುಂದೆ ನಿಂತ ಮನುಷ್ಯನಿದ್ದಾನೆ. ಇನ್ನೊಂದರಲ್ಲಿ ಸಾಲಗಾರ ಇದ್ದಾನೆ. ಜನರ ಬಾಯಲ್ಲಿ ಉಳಿದದ್ದು ಸಾಲಗಾರ. ಒಂದು ಇಡೀ ದರ್ಶನ ತುಪ್ಪದ ತಮಾಷೆಯಾಗಿ ಮುಗಿದುಹೋಯಿತು. ಅವರ ಕಡೆಯಿಂದ ‘ಅಲ್ಲಪ್ಪ, ಅದಲ್ಲ’ ಅನ್ನುವವರು ಯಾರೂ ಕೂತಿರಲಿಲ್ಲ. ಆ ಶಿಕ್ಷಕಿ ಅವತ್ತು ಎರಡು ಸಲ ‘ಅಲ್ಲ’ ಅಂದದ್ದರ ಬೆಲೆ ನನಗೆ ತಿಳಿದದ್ದು ಇದನ್ನು ಓದಿದಾಗ.

ಇದಕ್ಕೆ ಪೂರ್ತಿ ಎದುರಿನ ಕಥೆ ಅಲ್ ಗಜಾಲಿಯದು. 11ನೇ ಶತಮಾನದ ಕೊನೆ. ಇಸ್ಲಾಮಿನ ದೊಡ್ಡ ಚಿಂತಕ. ಗ್ರೀಕ್ ದಾರಿಯ ದಾರ್ಶನಿಕರನ್ನು ಖಂಡಿಸಿ ಪುಸ್ತಕ ಬರೆದ. ಆದರೆ ಆ ದಾರ್ಶನಿಕರು ಏನು ಹೇಳುತ್ತಾರೆ ಅನ್ನುವುದನ್ನಷ್ಟೇ ವಿವರಿಸುವ ಪುಸ್ತಕವನ್ನೂ ಬರೆದಿದ್ದಾನೆ. ಎಷ್ಟು ಪ್ರಾಮಾಣಿಕವಾಗಿ ಬರೆದ ಅಂದರೆ, 12ನೇ ಶತಮಾನದಲ್ಲಿ ಅದು ಲ್ಯಾಟಿನ್‌ಗೆ ಅನುವಾದವಾದಾಗ ಅದನ್ನು ಓದಿದ ಯೂರೋಪಿನ ವಿದ್ವಾಂಸರಲ್ಲಿ ಬಹಳ ಜನ ಗಜಾಲಿಯೂ ಆ ದಾರ್ಶನಿಕರ ಗುಂಪಿನವನೇ ಅಂದುಕೊಂಡರು! ಮುಂದೆ ಇಬ್ನ್ ರುಶ್ದ್ ಅನ್ನುವ ದಾರ್ಶನಿಕ ಬಂದು ಗಜಾಲಿಗೆ ಉತ್ತರ ಬರೆದ. ಅವನೂ ಗಜಾಲಿಯ ಮಾತುಗಳನ್ನು ಭಾಗ ಭಾಗವಾಗಿ ಎತ್ತಿಟ್ಟು, ಒಂದೊಂದಕ್ಕೂ ಉತ್ತರ ಕೊಡುತ್ತಾ ಹೋದ. ನಾನು ಒಪ್ಪದ ಮಾತನ್ನು ನಾನು ವಿವರಿಸುವಾಗ ಕೇಳುವವರಿಗೆ ‘ಇವರೂ ಅದೇ ಕಡೆಯವರಿರಬೇಕು’ ಅನ್ನಿಸಬೇಕು. ಅಷ್ಟು ನನಗೆ ಬಂದರೆ ಸಾಕು.

ಈಗ ಕೆಲವರಿಗೆ ಬೇಜಾರಾಗುವ ಮಾತು ಹೇಳುತ್ತೇನೆ. ‘ಎಲ್ಲ ಧರ್ಮಗಳೂ ಹೇಳುವುದು ಒಂದೇ’ ಅನ್ನುವ ಮಾತು ಇದೆಯಲ್ಲ, ಅದನ್ನು ಮುಕ್ತ ಮನಸ್ಸಿನ ಗುರುತು ಅಂತ ನಾವು ಅಂದುಕೊಂಡಿದ್ದೇವೆ. ಆ ಮಾತಿನ ಹಿಂದೆ ಒಳ್ಳೆಯ ಆಸೆ ಇದೆ, ಒಪ್ಪುತ್ತೇನೆ. ಆದರೆ ಚರ್ಚೆಯಲ್ಲಿ ಅದು ಮಾಡುವ ಕೆಲಸ ಏನು? ಒಬ್ಬರು ಜೀವಮಾನವಿಡೀ ಹುಡುಕಿ, ಮನೆಯವರ ವಿರೋಧ ಕಟ್ಟಿಕೊಂಡು ಒಂದು ದಾರಿ ಹಿಡಿದಿದ್ದಾರೆ. ಅವರಿಗೆ ‘ಬಿಡಿ, ಎಲ್ಲ ಒಂದೇ’ ಅಂದರೆ ಅವರ ಹುಡುಕಾಟಕ್ಕೆ ಬೆಲೆಯೇ ಇಲ್ಲ ಅಂದ ಹಾಗಾಯಿತು. ಆತ್ಮ ಇದೆ ಅನ್ನುವವರೂ ಇಲ್ಲ ಅನ್ನುವವರೂ ಒಂದೇ ಮಾತು ಹೇಳುತ್ತಿಲ್ಲ. ಮರುಜನ್ಮ ಇದೆ ಅನ್ನುವುದೂ, ಒಂದೇ ಜನ್ಮ ಆಮೇಲೆ ತೀರ್ಪು ಅನ್ನುವುದೂ ಒಂದೇ ಅಲ್ಲ. ವ್ಯತ್ಯಾಸ ಇದೆ ಅಂತ ಒಪ್ಪಿಕೊಂಡರೆ ತಾನೇ ಕೇಳುವುದಕ್ಕೆ ಏನಾದರೂ ಉಳಿಯುವುದು?

ಕುರುಡರು ಆನೆ ಮುಟ್ಟಿದ ಕಥೆ ನಮಗೆಲ್ಲ ಗೊತ್ತು. ಒಬ್ಬನಿಗೆ ಕಂಬ, ಒಬ್ಬನಿಗೆ ಮೊರ, ಒಬ್ಬನಿಗೆ ಹಗ್ಗ. ನಾನೂ ಎಷ್ಟೋ ಕಡೆ ಈ ಕಥೆ ಹೇಳಿದ್ದೇನೆ. ಈಗ ಹೇಳುವುದನ್ನು ಕಡಿಮೆ ಮಾಡಿದ್ದೇನೆ. ಯಾಕೆಂದರೆ ಕಥೆ ಹೇಳುವವನಿಗೆ ಮಾತ್ರ ಇಡೀ ಆನೆ ಕಾಣುತ್ತಿರುತ್ತದೆ. ‘ನೀವೆಲ್ಲ ಒಂದೊಂದು ತುಣುಕು ಹಿಡಿದಿದ್ದೀರಿ’ ಅನ್ನುವವನು ತನಗೆ ಕಣ್ಣಿದೆ ಅಂತ ಹೇಳಿಕೊಳ್ಳುತ್ತಿದ್ದಾನೆ. ಯಾವುದಕ್ಕೂ ಹಲವು ಮುಖಗಳಿವೆ ಅನ್ನುವ ಜೈನರ ಅನೇಕಾಂತವಾದ ಇದಕ್ಕಿಂತ ಬಿಗಿಯಾದದ್ದು. ನಿನ್ನ ಮಾತಿಗೂ ಮೊದಲು ‘ಸ್ಯಾತ್’ ಸೇರಿಸು ಅನ್ನುತ್ತದೆ ಅದು. ‘ಒಂದು ದೃಷ್ಟಿಯಿಂದ ನೋಡಿದರೆ’ ಅಂತ. ಎದುರಿನವರ ಮಾತಿಗಷ್ಟೇ ಅಲ್ಲ, ನಿನ್ನ ಮಾತಿಗೂ.

ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ಗ್ರಂಥ ಕವಿರಾಜಮಾರ್ಗ, 9ನೇ ಶತಮಾನದ್ದು. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸಬಲ್ಲುದೇ ನಿಜವಾದ ‘ಕಸವರ’, ಅಂದರೆ ಚಿನ್ನ, ಸಂಪತ್ತು ಅನ್ನುವ ಮಾತು ಅದರಲ್ಲಿದೆ. ನನಗೆ ಅಲ್ಲಿ ಹಿಡಿಸುವುದು ‘ಸೈರಿಸು’ ಅನ್ನುವ ಪದ. ಸೈರಿಸುವುದು ಅಂದರೆ ತಾಳಿಕೊಳ್ಳುವುದು. ಅದರಲ್ಲಿ ಕಷ್ಟ ಇದೆ. ನಮಗೆ ಇಷ್ಟವಾಗುವುದನ್ನು ಯಾರೂ ಸೈರಿಸಬೇಕಾಗಿಲ್ಲ. ಎದುರಿನ ಮಾತು ನನ್ನೊಳಗೆ ಚುಚ್ಚುತ್ತಿದೆ, ಆದರೂ ಎದ್ದು ಹೋಗುವುದಿಲ್ಲ, ಅವರ ಬಾಯಿ ಮುಚ್ಚಿಸುವುದಿಲ್ಲ. ಅದು ಸೈರಣೆ. ಎಲ್ಲ ಒಂದೇ ಅಂದುಬಿಟ್ಟರೆ ಸೈರಿಸುವುದಕ್ಕೆ ಏನೂ ಉಳಿಯುವುದಿಲ್ಲ.

ಇಷ್ಟು ಹೊತ್ತು ಹೇಗೆ ಕೇಳಬೇಕು ಅಂತ ಹೇಳಿದೆ. ಆದರೆ ಎದುರಿನವರಿಗೆ ಮಾತಾಡುವ ಧೈರ್ಯವೇ ಇಲ್ಲದಿದ್ದರೆ? ಕ್ರಿ.ಪೂ. 2ನೇ ಶತಮಾನದ ಗ್ರೀಕ್ ದೊರೆ ಮಿನಾಂಡರ್ ಮತ್ತು ಬೌದ್ಧ ಭಿಕ್ಷು ನಾಗಸೇನರ ಸಂವಾದ ಪಾಲಿ ಭಾಷೆಯಲ್ಲಿದೆ. ಅದರಲ್ಲಿ ದೊರೆಯ ಹೆಸರು ಮಿಲಿಂದ. ನನ್ನ ಜೊತೆ ಇನ್ನೂ ಚರ್ಚೆ ಮಾಡುತ್ತೀರಾ ಅಂತ ದೊರೆ ಕೇಳುತ್ತಾನೆ. ವಿದ್ವಾಂಸರ ಹಾಗೆ ಮಾತಾಡುವುದಾದರೆ ಸರಿ, ದೊರೆಗಳ ಹಾಗಾದರೆ ಇಲ್ಲ ಅನ್ನುತ್ತಾರೆ ನಾಗಸೇನರು. ಏನು ವ್ಯತ್ಯಾಸ? ವಿದ್ವಾಂಸರ ನಡುವೆ ಗಂಟು ಹಾಕುವುದು, ಗಂಟು ಬಿಚ್ಚುವುದು ನಡೆಯುತ್ತದೆ. ತಪ್ಪು ತೋರಿಸುತ್ತಾರೆ, ತಪ್ಪು ಒಪ್ಪುತ್ತಾರೆ. ಆದರೂ ಸಿಟ್ಟಾಗುವುದಿಲ್ಲ. ದೊರೆಗಳು ಒಂದು ಮಾತು ಹೇಳುತ್ತಾರೆ, ಯಾರಾದರೂ ಅಲ್ಲ ಅಂದರೆ ಅವರಿಗೆ ದಂಡ ಹಾಕಿಸುತ್ತಾರೆ. ವಿದ್ವಾಂಸರ ಹಾಗೇ ಮಾತಾಡೋಣ, ಅಂಜಬೇಡಿ ಅಂತ ದೊರೆ ಒಪ್ಪುತ್ತಾನೆ. ಆಮೇಲೇ ಆ ಸಂವಾದ ಮುಂದುವರಿಯುವುದು.

ದೊರೆಗಳು ಈಗ ಇಲ್ಲ. ಆದರೆ ಮನೆಯಲ್ಲಿ ಅಪ್ಪ ದೊರೆ, ತರಗತಿಯಲ್ಲಿ ಪಾಠ ಮಾಡುವವರು ದೊರೆ, ಎಲ್ಲಿ ಯಾವ ನಂಬಿಕೆಯವರು ಜಾಸ್ತಿ ಇದ್ದಾರೋ ಅಲ್ಲಿ ಅವರು ದೊರೆ. ಹತ್ತು ಜನ ನಂಬುವವರ ನಡುವೆ ಒಬ್ಬ ನಂಬದವನು ಕೂತಿದ್ದರೆ, ಅಥವಾ ಹತ್ತು ಜನ ವಿಚಾರವಾದಿಗಳ ನಡುವೆ ಒಬ್ಬ ಭಕ್ತೆ ಕೂತಿದ್ದರೆ, ‘ಹೇಳಿ ಹೇಳಿ, ನಾವು ಮುಕ್ತವಾಗಿದ್ದೇವೆ’ ಅಂದರೆ ಸಾಲದು. ಹೇಳಿದ್ದಕ್ಕೆ ದಂಡ ಬೀಳುವುದಿಲ್ಲ ಅಂತ ಅವರಿಗೆ ಖಾತ್ರಿಯಾಗಬೇಕು. ನಗೆಯೂ ದಂಡವೇ. ಕಣ್ಣಲ್ಲಿ ಕಣ್ಣಿಟ್ಟು ಒಬ್ಬರಿಗೊಬ್ಬರು ಮುಗುಳ್ನಕ್ಕರೆ ಸಾಕು, ಅವರು ಮತ್ತೆ ಬಾಯಿ ಬಿಡುವುದಿಲ್ಲ.

ಕ್ಯಾಥೊಲಿಕ್ ಚರ್ಚು ಇದಕ್ಕೆ ಒಂದು ಹುದ್ದೆಯನ್ನೇ ಮಾಡಿತ್ತು. ಯಾರನ್ನಾದರೂ ಸಂತರೆಂದು ಘೋಷಿಸುವ ಮುಂಚೆ, ಬೇಡ ಅನ್ನುವುದಕ್ಕೆ ಕಾರಣ ಹುಡುಕುವುದೇ ಆ ಅಧಿಕಾರಿಯ ಕೆಲಸ. 1587ರಲ್ಲಿ ಶುರುವಾದದ್ದು. 1983ರ ಸುಧಾರಣೆಯಲ್ಲಿ ಅದರ ಪಾತ್ರ ಬಹಳ ಕಡಿಮೆಯಾಯಿತು. ಆದರೂ ಮದರ್ ತೆರೇಸಾ ಅವರ ವಿಷಯ ಬಂದಾಗ, ಅವರನ್ನು ಕಟುವಾಗಿ ಟೀಕಿಸಿದ್ದ ನಾಸ್ತಿಕ ಪತ್ರಕರ್ತ ಕ್ರಿಸ್ಟೋಫರ್ ಹಿಚೆನ್ಸ್ ಅವರನ್ನು ಕರೆದು ಹೇಳಿಕೆ ತೆಗೆದುಕೊಂಡರು.

ಗಾಂಧಿ ಮತ್ತು ಟಾಗೋರರ ನಡುವಿನ ಒಂದು ಪ್ರಸಂಗ ನನಗೆ ಎಲ್ಲಕ್ಕಿಂತ ಹತ್ತಿರ. 1934ರ ಜನವರಿ 15ರಂದು ಬಿಹಾರದಲ್ಲಿ ದೊಡ್ಡ ಭೂಕಂಪ ಆಯಿತು. ಸಾವಿರಾರು ಜನ ಸತ್ತರು. ಆಗ ಗಾಂಧೀಜಿ ಅಸ್ಪೃಶ್ಯತೆಯ ವಿರುದ್ಧ ದೇಶ ಸುತ್ತುತ್ತಿದ್ದರು. ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಇದು ಅಂದರು. ಟಾಗೋರರಿಗೆ ಇದನ್ನು ತಡೆದುಕೊಳ್ಳಲು ಆಗಲಿಲ್ಲ. ಅವರೂ ಅಸ್ಪೃಶ್ಯತೆಯ ವಿರೋಧಿಯೇ, ಅವರೂ ದೇವರನ್ನು ನಂಬಿದವರೇ. ಆದರೆ ನೆಲ ನಡುಗುವುದಕ್ಕೆ ನೆಲದೊಳಗಿನ ಕಾರಣಗಳಿರುತ್ತವೆ, ಅದನ್ನು ನಮ್ಮ ಪಾಪ ಪುಣ್ಯಕ್ಕೆ ಗಂಟು ಹಾಕಬಾರದು ಅಂತ ಬರೆದರು. ಇನ್ನೂ ಒಂದು ಮಾತು ಸೇರಿಸಿದರು. ಈ ಬಗೆಯ ವಾದ ನಿಮಗಿಂತ ನಿಮ್ಮ ವಿರೋಧಿಗಳಿಗೇ ಚೆನ್ನಾಗಿ ಒಪ್ಪುತ್ತದೆ, ನಿಮ್ಮಿಂದಲೇ ಈ ಕೋಪ ಬಂತು ಅಂತ ಅವರು ಹೇಳಿದ್ದರೂ ನನಗೆ ಆಶ್ಚರ್ಯ ಆಗುತ್ತಿರಲಿಲ್ಲ ಅಂತ.

ಗಾಂಧೀಜಿ ಏನು ಮಾಡಿದರು? ಟಾಗೋರರ ಆ ಟೀಕೆಯನ್ನು ತಮ್ಮದೇ ‘ಹರಿಜನ’ ಪತ್ರಿಕೆಯಲ್ಲಿ ಫೆಬ್ರವರಿಯಲ್ಲಿ ಅಚ್ಚು ಹಾಕಿದರು. ಜೊತೆಗೆ ತಮ್ಮ ಉತ್ತರವನ್ನೂ ಹಾಕಿದರು. ಮಾತು ಹಿಂದೆಗೆದುಕೊಳ್ಳಲಿಲ್ಲ. ಆದರೆ ಈ ಪಾಪಕ್ಕೂ ಆ ಭೂಕಂಪಕ್ಕೂ ಇರುವ ನಂಟನ್ನು ನಾನು ಸಾಬೀತು ಮಾಡಲಾರೆ, ನನಗೆ ಒಳಗಿನಿಂದ ಹಾಗೆ ಅನ್ನಿಸುತ್ತದೆ ಅಂತ ಬಾಯಿಬಿಟ್ಟು ಒಪ್ಪಿಕೊಂಡರು.

ನನ್ನನ್ನು ಕೇಳಿದರೆ ಈ ವಾದದಲ್ಲಿ ಟಾಗೋರರೇ ಸರಿ. ಸತ್ತವರಲ್ಲಿ ಅಸ್ಪೃಶ್ಯತೆ ಅನುಭವಿಸಿದವರೂ ಇದ್ದರಲ್ಲ, ಅವರಿಗೆ ಯಾವ ಪಾಪದ ಶಿಕ್ಷೆ? ಆದರೂ ಗಾಂಧಿಯವರ ಕೈಯಿಂದ ಕಲಿಯುವುದು ಇದೆ. ತಮ್ಮ ಓದುಗರ ಕೈಗೆ ತಮ್ಮ ವಿರುದ್ಧದ ಅತಿ ಗಟ್ಟಿ ವಾದವನ್ನು ತಾವೇ ಕೊಟ್ಟರು. ಸಾಬೀತು ಮಾಡಬಹುದಾದದ್ದು ಯಾವುದು, ಬರೀ ನಂಬಿಕೆ ಯಾವುದು ಅಂತ ಗೆರೆ ಎಳೆದು ತೋರಿಸಿದರು. ಆ ಗೆರೆಯಿಂದಾಗಿಯೇ 90 ವರ್ಷಗಳ ಮೇಲೂ ನಾವು ಕೂತು ‘ಟಾಗೋರರೇ ಸರಿ’ ಅನ್ನಲು ಸಾಧ್ಯವಾಗಿದೆ.

ಈಗ ನಾನು ತಪ್ಪಿದ ಒಂದು ದಿನದ ಬಗ್ಗೆ ಹೇಳಬೇಕು. ನನ್ನ ಹಳೆಯ ಗೆಳೆಯ, ದೇವರನ್ನು ನಂಬದವನು. ಅವನ ಮಗಳಿಗೆ ಕಾಯಿಲೆ ಜೋರಾಗಿ ಆಸ್ಪತ್ರೆಗೆ ಸೇರಿಸಿದ್ದರು. ರಾತ್ರಿ ವರಾಂಡದಲ್ಲಿ ಕಬ್ಬಿಣದ ಬೆಂಚಿನ ಮೇಲೆ ಇಬ್ಬರೂ ಕೂತಿದ್ದೆವು. ಅವನು ಮಗಳ ಚಪ್ಪಲಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ನಾನು, ‘ಎಲ್ಲ ಒಳ್ಳೇದಕ್ಕೇ ಕಣೋ. ಅವನಿಗೆ ಗೊತ್ತಿರುತ್ತೆ ಯಾಕೆ ಅಂತ’ ಅಂದೆ. ಅವನು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದ. ‘ನೀನು ಸಮಾಧಾನ ಮಾಡ್ತಾ ಇರೋದು ನನ್ನನ್ನಲ್ಲ, ನಿನ್ನನ್ನೇ.’

ಅವನು ವಾದಕ್ಕೆ ಬಂದಿರಲಿಲ್ಲ. ನಾನು ಕೇಳಿಸಿಕೊಳ್ಳಲೂ ಇಲ್ಲ, ಏನಾದರೂ ಬೇಕಾ ಅಂತ ಕೇಳಲೂ ಇಲ್ಲ. ನನ್ನ ಸಿದ್ಧಾಂತ ಅವನ ನೋವಿನ ಎದುರು ಅಲುಗಾಡುತ್ತಿತ್ತು. ಅದಕ್ಕೆ ಊರೆಗೋಲು ಕೊಡಲು ಅವನನ್ನು ಬಳಸಿಕೊಂಡೆ. ಹುಡುಗಿ ಗುಣವಾಗಿ ಮನೆಗೆ ಬಂದಳು. ಆದರೆ ಅವನು ಹೇಳಿದ್ದು ನನ್ನೊಳಗೆ ಹಾಗೇ ಕೂತಿದೆ. ಯಾವಾಗ ಚರ್ಚೆ ಮಾಡಬಾರದು ಅನ್ನುವುದನ್ನು ನಾನು ಅವನಿಂದ ಕಲಿತೆ.

ನನ್ನ ಮಾತು ಇಲ್ಲಿಗೆ ನಿಲ್ಲಿಸುತ್ತೇನೆ. ಪ್ರಶ್ನೆಗಳಿದ್ದರೆ ಕೇಳಿ.

ಮೊದಲ ಪ್ರಶ್ನೆ ಎಡಗಡೆ ಕೂತಿದ್ದ ಒಬ್ಬರಿಂದ ಬಂತು. ‘ಯಾರು ಏನು ಹೇಳಿದರೂ ಕೇಳಬೇಕಾ ಸಾರ್? ಇಂಥವರನ್ನು ಮನುಷ್ಯರು ಅಂತಲೇ ಎಣಿಸಬಾರದು ಅಂತ ಧರ್ಮದ ಹೆಸರಲ್ಲಿ ಹೇಳಿದರೆ?’

ಇಲ್ಲ. ಅಲ್ಲಿ ನನ್ನ ಉತ್ತರ ಚಿಕ್ಕದು. ಚರ್ಚೆಗೆ ಕೂತ ಇಬ್ಬರೂ ಸಮಾನರು ಅನ್ನುವುದೇ ಚರ್ಚೆಯ ಬುಡ. ಆ ಬುಡವನ್ನೇ ಕಡಿಯುವ ಮಾತು ಇನ್ನೊಂದು ಅಭಿಪ್ರಾಯ ಅಲ್ಲ. ಅದು ಯಾಕೆ ಹುಟ್ಟಿತು ಅಂತ ತಿಳಿದುಕೊಳ್ಳಬಹುದು. ಆದರೆ ಯಾರನ್ನು ಕೀಳು ಅನ್ನುತ್ತಿದ್ದಾರೋ ಅವರನ್ನೇ ಕೂರಿಸಿ ‘ನೀವೂ ಸ್ವಲ್ಪ ಮುಕ್ತವಾಗಿ ಕೇಳಿ’ ಅನ್ನುವ ಹಕ್ಕು ಯಾರಿಗೂ ಇಲ್ಲ.

ಎರಡನೆಯ ಪ್ರಶ್ನೆ ಹಿಂದಿನ ಸಾಲಿನ ಯುವತಿಯದು. ‘ಹೀಗೆ ಕೇಳ್ತಾ ಕೇಳ್ತಾ ನನ್ನ ನಂಬಿಕೆಯೇ ಹೋದರೆ? ನನಗೆ ದೇವರ ಬಗ್ಗೆ ಅಷ್ಟು ಚಿಂತೆ ಇಲ್ಲ. ಅಪ್ಪನ ಬಗ್ಗೆ ಚಿಂತೆ.’

ಇದು ನಾನು ಒಂದು ಗಂಟೆ ಮಾತಾಡಿಯೂ ಮುಟ್ಟದ ಜಾಗ. ನಾವು ಎದುರಿನ ಮಾತಿಗೆ ಕಿವಿ ಮುಚ್ಚುವುದು ಬಹಳ ಸಲ ತರ್ಕಕ್ಕೆ ಹೆದರಿ ಅಲ್ಲ. ನಮ್ಮವರು ದೂರವಾಗುತ್ತಾರೆ ಅನ್ನುವ ಹೆದರಿಕೆ. ನಂಬಿಕೆ ಬದಲಾಗುವುದಿಲ್ಲ ಅಂತ ನಾನು ಭರವಸೆ ಕೊಡಲಾರೆ. ನನ್ನದೇ ಬದಲಾಗಿದೆ. ಆ ಬೆಂಚಿನ ಮೇಲೆ ಕೂತಾಗ ಎಲ್ಲ ನೋವಿಗೂ ಒಂದು ಉದ್ದೇಶ ಇರುತ್ತದೆ ಅಂತ ನಂಬಿದ್ದೆ. ಈಗ ನಂಬುವುದಿಲ್ಲ. ಪ್ರಾರ್ಥನೆ ಈಗಲೂ ಮಾಡುತ್ತೇನೆ.

‘ಹಾಗಾದರೆ ಅಪ್ಪನ ಹತ್ರ ಹೇಗೆ ಮಾತು ಶುರು ಮಾಡಲಿ?’ ಅಂದರು.

ಯಾಕೆ ನಂಬುತ್ತೀರಿ ಅಂತ ಕೇಳಬೇಡಿ, ಯಾವಾಗಿನಿಂದ ಅಂತ ಕೇಳಿ ಅಂದೆ. ಯಾಕೆ ಅಂದರೆ ಅವರು ವಾದಕ್ಕೆ ಸಿದ್ಧರಾಗುತ್ತಾರೆ. ಯಾವಾಗಿನಿಂದ ಅಂದರೆ ಅವರ ಅಮ್ಮನ ಹೆಸರು ಬರಬಹುದು, ಯಾವುದೋ ಕಷ್ಟದ ವರ್ಷ ಬರಬಹುದು.

ಅದನ್ನು ಬರೆದುಕೊಂಡು ಅವರು ತಲೆಯೆತ್ತಿದರು. ‘ನಿಮಗೆ ಯಾವಾಗಿಂದ ಸಾರ್?’

ಅಷ್ಟರಲ್ಲಿ ಸಮಯ ಮುಗಿದಿತ್ತು, ಕುರ್ಚಿಗಳನ್ನು ಮಡಚಲು ಶುರು ಮಾಡಿದ್ದರು. ಬಾಗಿಲ ಹತ್ತಿರ ಅವರು ನನಗಾಗಿ ಕಾಯುತ್ತಾ ನಿಂತಿದ್ದರು. ನನಗೆ ಆಗ ಒಂಬತ್ತು ವರ್ಷ, ಅಮ್ಮನಿಗೆ ಮೂರು ದಿನದಿಂದ ಜ್ವರ ಬಿಟ್ಟಿರಲಿಲ್ಲ ಅಂತ ಹೇಳಲು ಶುರು ಮಾಡಿದೆ. ಅವರು ಚೀಲವನ್ನು ಕೆಳಗಿಟ್ಟು, ಗೋಡೆಗೆ ಒರಗಿ ನಿಂತರು.